ಜಮೀನಿನ ಹದ್ದಿನಂಚಿನಲ್ಲಿ, ಕರೆಂಟ್ ಲೈನ್ ಪಕ್ಕದಲ್ಲಿ ಗಿಡ ನೆಡುವುದು ಹೇಗೆ? ಹಾಸನ, ಚಿಕ್ಕಮಗಳೂರಿನವರಿಗೆ ಹಂತ ಹಂತದ ಮಾರ್ಗದರ್ಶಿ

ಮೇ ಕೊನೆಗೆ ಎರಡು ಒಳ್ಳೆ ಮಳೆ ಬಿದ್ದರೆ ಸಾಕು, ಸಕಲೇಶಪುರದಿಂದ ಕೊಪ್ಪದವರೆಗೆ ಬೇಲಿ ಸಾಲಿಗೆ ಗುಂಡಿ ತೆಗೆಸುವ ಕೆಲಸ ಶುರುವಾಗುತ್ತದೆ. ನರ್ಸರಿಯಿಂದ ಸಿಲ್ವರ್ ಓಕ್ ಸಸಿ ಬರುತ್ತದೆ. ನಾಲ್ಕು ಆಳು ಹಿಡಿದರೆ ಒಂದೇ ದಿನದಲ್ಲಿ ಸಾಲು ಮುಗಿಯುತ್ತದೆ. ತೊಂದರೆ ಕಾಣಿಸುವುದು ಐದಾರು ವರ್ಷ ಕಳೆದ ಮೇಲೆ. ಮರ ಪಕ್ಕದವರ ಗದ್ದೆಗೆ ನೆರಳು ಹಾಕುತ್ತದೆ, ಇಲ್ಲವೇ ತುದಿ ಹೋಗಿ ತಂತಿಗೆ ತಾಗುತ್ತದೆ. ಆಮೇಲೆ ಜಗಳ, ಪಂಚಾಯ್ತಿ, ಲೈನ್‌ಮನ್ ಬಂದು ಅರ್ಧಕ್ಕೆ ಕಡಿದುಹಾಕಿದ ಮರ.

ಇದೇ ತಪ್ಪು ಊರೂರಲ್ಲಿ ಆಗುತ್ತಿರುವುದಕ್ಕೆ ನನಗೆ ಕಾಣುವ ಕಾರಣ ಒಂದೇ: ಕೆಲಸದ ಕ್ರಮ ತಲೆಕೆಳಗಾಗಿದೆ. ಗುಂಡಿ ತೆಗೆಯುವುದು ಕೆಳಗಿನ ಹಂತಗಳಲ್ಲಿ ಆರನೆಯದು. ಅದನ್ನು ಮೊದಲು ಮಾಡಿದರೆ ಅದಕ್ಕಿಂತ ಮುಂಚಿನ ಐದೂ ಕೈಬಿಟ್ಟು ಹೋಗುತ್ತವೆ. ಹಾಗಾಗಿ ದಯವಿಟ್ಟು ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ.

ಶುರು ಮಾಡುವ ಮೊದಲು ಕೈಯಲ್ಲಿರಬೇಕಾದದ್ದು

ಈ ವರ್ಷದ ಪಹಣಿ, ನಿಮ್ಮ ಸರ್ವೆ ನಂಬರಿನ ನಕಾಶೆ, ಗ್ರಾಮ ನಕ್ಷೆ. ಬಟ್ಟೆ ಅಥವಾ ಫೈಬರ್‌ನ 30 ಮೀಟರ್ ಟೇಪು (ಕಬ್ಬಿಣದ ಟೇಪು ಬೇಡ, ಲೈನ್ ಹತ್ತಿರ ಅದೇ ಅಪಾಯ). ಗೂಟ, ಉದ್ದದ ನೂಲು, ಸುಣ್ಣದ ಪುಡಿ. ಫೋಟೊ ತೆಗೆಯಲು ಮೊಬೈಲ್. ಒಂದು ನೋಟ್‌ಬುಕ್. ಮಚ್ಚು, ಗರಗಸ, ಏಣಿ ಇವು ಯಾವುವೂ ಈಗ ಬೇಡ.

1. ಹದ್ದು ಎಲ್ಲಿದೆ ಎಂದು ಗಟ್ಟಿ ಮಾಡಿಕೊಳ್ಳಿ

ಹಳೆ ಬೇಲಿ ಇರುವ ಜಾಗವೇ ಹದ್ದು ಎಂದು ನಂಬಬೇಡಿ. ಬೇಲಿ ವರ್ಷಕ್ಕೊಂದಿಷ್ಟು ಸರಿಯುತ್ತದೆ. ಲಂಟಾನ ಒಂದು ಕಡೆ ಬೆಳೆಯಿತು ಎಂದು ಇನ್ನೊಂದು ಕಡೆ ಸವರುತ್ತಾರೆ, ಅಷ್ಟರಲ್ಲಿ ಎರಡು ಅಡಿ ಹೋಗಿರುತ್ತದೆ. ನೋಡಬೇಕಾದದ್ದು ಬಾಂದು ಕಲ್ಲು, ಅಂದರೆ ಸರ್ವೆಯವರು ನೆಟ್ಟ ಗಡಿಕಲ್ಲು. ಮೂಲೆಗಳಲ್ಲಿ, ಸಾಲು ತಿರುಗುವ ಕಡೆ ಹುಡುಕಿ. ಮಣ್ಣು, ದರಗು ಮುಚ್ಚಿರಬಹುದು.

ಕಲ್ಲು ಸಿಕ್ಕದಿದ್ದರೆ ಅಥವಾ ಬಾಜುದಾರರು (ಪಕ್ಕದ ಜಮೀನಿನವರು) ಒಪ್ಪದಿದ್ದರೆ ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಅಳತೆಯಲ್ಲಿ ಗಡಿ ಗುರುತಿಸಿಕೊಡಲು, ಅರ್ಜಿ ಹಾಕಿ. ಇದು ಸರ್ವೆ ಇಲಾಖೆಯ ಮೋಜಿಣಿ ವ್ಯವಸ್ಥೆಯಲ್ಲಿ ಆಗುತ್ತದೆ, ನಾಡಕಚೇರಿಯಲ್ಲಿ ಕೇಳಿದರೆ ಹೇಳುತ್ತಾರೆ. ಭೂಮಾಪಕರು ಬರುವ ಮೊದಲು ಅಕ್ಕಪಕ್ಕದವರಿಗೆ ನೋಟಿಸ್ ಹೋಗುತ್ತದೆ. ಆ ದಿನ ಬಾಜುದಾರರು ಸ್ಥಳದಲ್ಲಿ ಇರುವ ಹಾಗೆ ನೀವೇ ಹೋಗಿ ಕರೆಯಿರಿ. ಅವರಿಲ್ಲದೆ ಆದ ಅಳತೆಗೆ ಆಮೇಲೆ ತಕರಾರು ಗ್ಯಾರಂಟಿ.

ಒಂದು ಎಚ್ಚರ. ಒಂದೇ ಪಹಣಿಯಲ್ಲಿ ಮೂರ್ನಾಲ್ಕು ಹೆಸರು ಇದ್ದು ಪೋಡಿ (ಪಾಲು ಅಳೆದು ಬೇರೆ ನಂಬರ್ ಮಾಡುವುದು) ಆಗಿಲ್ಲದಿದ್ದರೆ, ಅಣ್ಣತಮ್ಮಂದಿರ ನಡುವಿನ ಗೆರೆ ದಾಖಲೆಯಲ್ಲಿ ಇರುವುದೇ ಇಲ್ಲ. ಮೊದಲು ಪೋಡಿ, ಆಮೇಲೆ ಬೇಲಿ.

ಮೊಬೈಲಿನ ದಿಶಾಂಕ್ ಆಪ್ ನೋಡಿಕೊಂಡು ಗುಂಡಿ ತೆಗೆಸುವವರು ಈಗ ಜಾಸ್ತಿಯಾಗಿದ್ದಾರೆ. ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೇವೆ ಎಂದು ತಿಳಿಯಲು ಅದು ತುಂಬ ಒಳ್ಳೆಯದು. ಆದರೆ ಮರ ನೆಡಲು ಬೇಕಾದಷ್ಟು ನಿಖರವಾದ ಗೆರೆ ಅದರಲ್ಲಿ ಸಿಗುವುದಿಲ್ಲ. ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ಆಗುತ್ತದೆ, ಮರದ ಅಡಿಯಲ್ಲಿ ಇನ್ನೂ ಹೆಚ್ಚು.

ಪಹಣಿಯಲ್ಲಿ ಖರಾಬು (ಸಾಗುವಳಿಗೆ ಬಾರದ್ದು ಎಂದು ಬರೆದ ಜಾಗ) ಎಷ್ಟಿದೆ ಎಂದೂ ನೋಡಿ. ಬ ಖರಾಬು ಎಂದರೆ ಹಳ್ಳ, ದಾರಿ, ಕೆರೆ ಮುಂತಾದ ಸಾರ್ವಜನಿಕ ಜಾಗ. ಅದು ನಿಮ್ಮ ಜಮೀನಿನ ನಡುವೆಯೇ ಹಾದುಹೋದರೂ ನಿಮ್ಮದಲ್ಲ. ಗ್ರಾಮ ನಕ್ಷೆಯಲ್ಲಿ ಬಂಡಿದಾರಿ, ಕಾಲುದಾರಿ ಇದ್ದರೆ ಅದರ ಮೇಲೆ ಗಿಡದ ಸಾಲು ಹಾಕಬೇಡಿ. ಬಳಸದೆ ಪೊದೆ ಬೆಳೆದಿದೆ ಎಂಬ ಮಾತ್ರಕ್ಕೆ ದಾರಿ ರದ್ದಾಗುವುದಿಲ್ಲ.

2. ಮೇಲಿರುವ ತಂತಿ ಯಾವುದು ಎಂದು ಗುರುತಿಸಿ

ಎಲ್ಲ ತಂತಿಗೂ ಒಂದೇ ದೂರ ಸಾಲದು. ಹಳ್ಳಿಯಲ್ಲಿ ಕಾಣುವ ಲೈನ್‌ಗಳನ್ನು ಹೀಗೆ ಬೇರೆ ಮಾಡಿ ನೋಡಿ.

ಎಲ್‌ಟಿ (ಕಡಿಮೆ ವೋಲ್ಟೇಜ್) ಲೈನ್: ಮನೆಗೆ, ಪಂಪ್‌ಸೆಟ್‌ಗೆ ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ ಬರುವುದು. ಸಾಮಾನ್ಯವಾಗಿ ನಾಲ್ಕೈದು ತಂತಿ, ಚಿಕ್ಕ ಪಿಂಗಾಣಿ.

11 ಕೆವಿ: ಟಿಸಿಗೆ ಬಂದು ಸೇರುವ ಮೂರು ತಂತಿ. ಕಂಬದ ತುದಿಯ ಕಬ್ಬಿಣದ ಪಟ್ಟಿ ಮೇಲೆ ದಪ್ಪ ಪಿಂಗಾಣಿ. ತೋಟಗಳ ನಡುವೆ ಜನ ಸಾಯುವುದು ಹೆಚ್ಚಾಗಿ ಈ ಲೈನಿನಲ್ಲೇ, ಯಾಕೆಂದರೆ ಇದು ನೋಡಲು ಎಲ್‌ಟಿ ಲೈನಿನ ಹಾಗೇ ಸಾಧುವಾಗಿ ಕಾಣುತ್ತದೆ.

33 ಕೆವಿ: ಇದೇ ರೀತಿಯ ಮೂರು ತಂತಿ, ಕಂಬ ಎತ್ತರ, ಪಿಂಗಾಣಿ ಇನ್ನೂ ದೊಡ್ಡದು. ಒಂದು ಸಬ್‌ಸ್ಟೇಷನ್‌ನಿಂದ ಇನ್ನೊಂದಕ್ಕೆ ಹೋಗುತ್ತದೆ.

ಟವರ್ ಲೈನ್: 66, 110, 220, 400 ಕೆವಿ. ಉಡುಪಿ ಕಡೆಯ ನಂದಿಕೂರಿನಿಂದ ಹಾಸನದ ಶಾಂತಿಗ್ರಾಮಕ್ಕೆ ಬರುವ ಲೈನ್ 400 ಕೆವಿಯದು. ಟವರಿಗೆ ಬಡಿದ ಫಲಕದಲ್ಲಿ ವೋಲ್ಟೇಜ್ ಮತ್ತು ಟವರ್ ನಂಬರ್ ಇರುತ್ತದೆ. ಎರಡನ್ನೂ ಬರೆದಿಟ್ಟುಕೊಳ್ಳಿ.

ಅನುಮಾನ ಇದ್ದರೆ ಲೈನ್‌ಮನ್‌ರನ್ನೇ ಕೇಳಿ. ಕರೆಂಟ್ ಕೊಡುವ ಕಂಪನಿಗಳಲ್ಲಿ ಹಾಸನ ಜಿಲ್ಲೆ ಸೆಸ್ಕ್‌ಗೆ ಸೇರಿದೆ, ಚಿಕ್ಕಮಗಳೂರು ಜಿಲ್ಲೆ ಮೆಸ್ಕಾಂಗೆ. ಸಕಲೇಶಪುರ–ಮೂಡಿಗೆರೆ ಗಡಿಯಲ್ಲಿ ತೋಟ ಇರುವವರು ತಪ್ಪು ಕಚೇರಿಗೆ ಅರ್ಜಿ ಕೊಟ್ಟು ದಿನ ಕಳೆಯುತ್ತಾರೆ. ಬಿಲ್ ಮೇಲೆ ಯಾರ ಹೆಸರಿದೆ ನೋಡಿ. ಟವರ್ ಲೈನ್ ಆದರೆ ಈ ಎರಡೂ ಕಚೇರಿಯದಲ್ಲ. ಅದು ರಾಜ್ಯದ ಕೆಪಿಟಿಸಿಎಲ್‌ನದು ಅಥವಾ ಕೇಂದ್ರದ ಪವರ್‌ಗ್ರಿಡ್‌ನದು.

3. ನೆಲದ ಅಡಿ ಏನಿದೆ ನೋಡಿ

ಈ ಹಂತವನ್ನು ಹೆಚ್ಚಿನವರು ಹಾರಿಸುತ್ತಾರೆ. ಕುಡಿಯುವ ನೀರಿನ ಪೈಪು, ರಸ್ತೆ ಬದಿಯ ಓಎಫ್‌ಸಿ (ಇಂಟರ್ನೆಟ್, ಫೋನಿನ) ಕೇಬಲ್, ಟೌನಿನಲ್ಲಿ ಯುಜಿಡಿ (ಒಳಚರಂಡಿ). ಪಂಚಾಯ್ತಿಯ ವಾಟರ್‌ಮನ್‌ಗೆ ಪೈಪ್ ಎಲ್ಲಿ ಹೋಗಿದೆ ಎಂದು ಬಾಯಲ್ಲೇ ಗೊತ್ತಿರುತ್ತದೆ. ಅವರನ್ನು ಕರೆದು ಸುಣ್ಣದಲ್ಲಿ ಗೆರೆ ಹಾಕಿಸಿ.

ಹಾಸನ ಜಿಲ್ಲೆಯವರಿಗೆ ಇನ್ನೊಂದಿದೆ. ಮಂಗಳೂರು–ಹಾಸನ–ಬೆಂಗಳೂರು ಪೆಟ್ರೋಲಿಯಂ ಪೈಪ್‌ಲೈನ್ ನಿಮ್ಮ ಜಮೀನಿನಲ್ಲಿ ಹಾದುಹೋಗಿದ್ದರೆ, 1962ರ ಕಾಯ್ದೆ ಪ್ರಕಾರ ಆ ಪಟ್ಟಿಯ ಮೇಲೆ ಮನೆ ಕಟ್ಟುವಂತಿಲ್ಲ, ಬಾವಿ, ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಜಮೀನು ನಿಮ್ಮದೇ, ಬೆಳೆ ಬೆಳೆಯಬಹುದು. ಆದರೆ ಅಲ್ಲಿ ಸಿಲ್ವರ್ ಓಕ್ ಹಾಕಿದರೆ ಕಿತ್ತು ಹಾಕಿಸುತ್ತಾರೆ, ಪರಿಹಾರ ಕೇಳಲು ನಿಮ್ಮ ಕಡೆ ದಾರಿಯೂ ಇರುವುದಿಲ್ಲ. ಪೈಪ್‌ಲೈನ್ ಗುರುತಿನ ಕಲ್ಲುಗಳು ಎಲ್ಲಿಂದ ಎಲ್ಲಿಗೆ ಹೋಗಿವೆ ಎಂದು ನೂಲು ಹಿಡಿದು ನೋಡಿ. ಪಟ್ಟಿಯ ಅಗಲವನ್ನು ನಿಮಗೆ ಕೊಟ್ಟ ನೋಟಿಸಿನಲ್ಲಿ ನೋಡಿ. ಅದರ ಹತ್ತಿರ ಜೆಸಿಬಿ ಬಿಡುವ ಮೊದಲು ಗುರುತಿನ ಕಲ್ಲಿನ ಮೇಲಿರುವ ನಂಬರಿಗೆ ಫೋನ್ ಮಾಡಲೇಬೇಕು.

4. ಎತ್ತರದ ಲೆಕ್ಕ ಹಾಕಿ

ಇದೇ ಈ ಇಡೀ ಕೆಲಸದ ತಿರುಳು. ಸ್ವಲ್ಪ ನಿಧಾನವಾಗಿ ಓದಿ.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ ರಸ್ತೆಯಿಂದ ಆಚೆ, ಅಂದರೆ ಹೊಲ, ತೋಟದಲ್ಲಿ, 11 ಕೆವಿವರೆಗಿನ ಬರಿ ತಂತಿ ನೆಲದಿಂದ ಕನಿಷ್ಠ 4.6 ಮೀಟರ್ ಎತ್ತರದಲ್ಲಿರಬೇಕು. 33 ಕೆವಿ ಆದರೆ 5.2 ಮೀಟರ್. ಇದು ಎರಡು ಕಂಬದ ನಡುವೆ ತಂತಿ ಅತಿ ಹೆಚ್ಚು ಜೋತುಬಿದ್ದ ಜಾಗದ ಅಳತೆ.

ಇನ್ನು ತಂತಿಗೂ ಮರಕ್ಕೂ ನಡುವೆ ಇರಬೇಕಾದ ಅಂತರ. ಅರಣ್ಯದಲ್ಲಿ ಲೈನ್ ಎಳೆಯುವಾಗ ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿರುವ ಅಳತೆ ಹೀಗಿದೆ. 11 ಕೆವಿಗೆ 2.6 ಮೀಟರ್, 33 ಕೆವಿಗೆ 2.8, 66 ಕೆವಿಗೆ 3.4, 110 ಕೆವಿಗೆ 3.7, 220 ಕೆವಿಗೆ 4.6, 400 ಕೆವಿಗೆ 5.5. ತೋಟದಲ್ಲೂ ಇದನ್ನೇ ಇಟ್ಟುಕೊಳ್ಳುವುದು ಕ್ಷೇಮ.

ಈಗ ಕಳೆಯಿರಿ. 4.6ರಲ್ಲಿ 2.6 ಹೋದರೆ ಉಳಿಯುವುದು 2 ಮೀಟರ್. ಅಂದರೆ ಆರೂವರೆ ಅಡಿ. 11 ಕೆವಿ ತಂತಿ ಕೆಳಗೆ, ಅದು ಜೋತುಬಿದ್ದ ಜಾಗದಲ್ಲಿ, ಯಾವ ಗಿಡವೂ ಆರೂವರೆ ಅಡಿ ದಾಟಬಾರದು. 33 ಕೆವಿ ಕೆಳಗೆ 2.4 ಮೀಟರ್, ಸುಮಾರು 8 ಅಡಿ. ಎಲ್‌ಟಿ ಲೈನಿಗೂ 11 ಕೆವಿಯ ಲೆಕ್ಕವನ್ನೇ ಹಿಡಿಯಿರಿ, ನಷ್ಟವೇನಿಲ್ಲ.

ಐದು ಅಡಿಗೆ ತುದಿ ಚಿವುಟಿದ ಅರೇಬಿಕಾ ಇದರೊಳಗೆ ಕೂರುತ್ತದೆ. ಅದರ ನೆರಳಿನ ಮರ ಕೂರುವುದಿಲ್ಲ. ಮೆಣಸು ಹಬ್ಬಿಸಿದ ಮರವಂತೂ ದೂರದ ಮಾತು. ನೆರಳಿಲ್ಲದ ಅರೇಬಿಕಾಗೆ ಬಿಳಿ ಕಾಂಡಕೊರಕ ಬೇಗ ಬೀಳುತ್ತದೆ ಎಂಬುದು ಗೊತ್ತಿರುವುದೇ. ಹಾಗಾಗಿ ಲೈನ್ ಕೆಳಗಿನ ಎರಡು ಸಾಲಿಗೆ ಕಾಫಿ ಬೇಡ ಎಂಬುದೇ ನನ್ನ ಅಭಿಪ್ರಾಯ. ಶುಂಠಿ, ಅನಾನಸ್, ಲಾವಂಚ, ನಿಂಬೆಹುಲ್ಲು ಹಾಕಿ. ಬಾಳೆ ಬೇಡ, ಅದು ಒಂದೇ ವರ್ಷದಲ್ಲಿ ಹತ್ತಡಿ ದಾಟುತ್ತದೆ. ಎಲೆ ನೀರು ತುಂಬಿದ್ದು ಬೇರೆ.

ಅಗಲವನ್ನೂ ನೋಡಬೇಕು. ಅದೇ ಮಾರ್ಗಸೂಚಿಯಲ್ಲಿ ಲೈನ್ ಹಾದಿಯ ಅಗಲ 11 ಕೆವಿಗೆ 7 ಮೀಟರ್, 33 ಕೆವಿಗೆ 15, 66 ಕೆವಿಗೆ 18, 110 ಕೆವಿಗೆ 22, 220 ಕೆವಿಗೆ 35. ಲೈನಿನ ನಡುಗೆರೆಯಿಂದ ಎರಡೂ ಕಡೆಗೆ ಅರ್ಧರ್ಧ. 11 ಕೆವಿ ಆದರೆ ಒಂದೊಂದು ಕಡೆಗೆ ಮೂರೂವರೆ ಮೀಟರ್, ಹನ್ನೊಂದೂವರೆ ಅಡಿ. ಈ ಪಟ್ಟಿಯೊಳಗೆ ಮರದ ಜಾತಿಯ ಯಾವುದನ್ನೂ ನೆಡಬೇಡಿ.

ಪಟ್ಟಿಯ ಹೊರಗೆ ಅಂದಮಾತ್ರಕ್ಕೆ ಎತ್ತರದ ಮರಕ್ಕೆ ಪರವಾನಗಿ ಸಿಕ್ಕಿತು ಎಂದಲ್ಲ. ಸಿಲ್ವರ್ ಓಕ್ ನಮ್ಮ ಕಡೆ 80 ಅಡಿ ಬೆಳೆಯುತ್ತದೆ. ಜುಲೈ ಗಾಳಿಗೆ ಅದು ಬುಡಸಮೇತ ಮಲಗಿದರೆ ಎಷ್ಟು ದೂರ ಹೋಗುತ್ತದೆ ಯೋಚಿಸಿ. ಜಾಗ ಇರುವವರು ಮರದ ಪೂರ್ತಿ ಎತ್ತರದಷ್ಟು ದೂರ ಬಿಡಿ. ಎರಡು ಎಕರೆಯವರಿಗೆ ಅದು ಆಗದ ಮಾತು. ಅಂಥವರು ಪಟ್ಟಿಯ ಅಂಚಿಗೆ ಮೊದಲು ಸೀಬೆ, ಕಿತ್ತಳೆ, ನಿಂಬೆಯಂಥ ಗಿಡ್ಡ ಮರ ಹಾಕಿ, ಎತ್ತರದ್ದನ್ನು ಅದರ ಹಿಂದಕ್ಕೆ ತಳ್ಳಿ.

ಎತ್ತರ ಅಳೆಯಲು ತಂತಿಯ ಹತ್ತಿರ ಗಳ ಎತ್ತಲೇಬೇಡಿ. ಒಣಗಿದ್ದಾದರೂ ಬೇಡ. ಹೀಗೆ ಮಾಡಿ: ಒಂದು ಕಡ್ಡಿಯನ್ನು ಕೈ ಪೂರ್ತಿ ಚಾಚಿ ನೆಟ್ಟಗೆ ಹಿಡಿಯಿರಿ. ಮುಷ್ಟಿಯ ಮೇಲೆ ಕಾಣುವ ಕಡ್ಡಿಯ ಉದ್ದ, ನಿಮ್ಮ ಕಣ್ಣಿನಿಂದ ಮುಷ್ಟಿಯವರೆಗಿನ ಉದ್ದಕ್ಕೆ ಸಮ ಇರಬೇಕು. ಒಂದು ಕಣ್ಣು ಮುಚ್ಚಿ ಹಿಂದಕ್ಕೆ ನಡೆಯಿರಿ. ಮುಷ್ಟಿ ಮರದ ಬುಡಕ್ಕೂ ಕಡ್ಡಿಯ ತುದಿ ಮರದ ತುದಿಗೂ ಸರಿಯಾದಾಗ ನಿಲ್ಲಿ. ಅಲ್ಲಿಂದ ಮರಕ್ಕೆ ಎಷ್ಟು ದೂರವೋ ಮರ ಅಷ್ಟೇ ಎತ್ತರ. ತಂತಿಯನ್ನೂ ಹೀಗೇ ಅಳೆಯಬಹುದು, ತಂತಿಯ ನೇರ ಕೆಳಗೆ ಒಂದು ಗೂಟ ಹೊಡೆದುಕೊಂಡರೆ ಆಯಿತು. ಇಳಿಜಾರಿನಲ್ಲಿ ಲೆಕ್ಕ ತಪ್ಪುತ್ತದೆ, ಮರದ ಬುಡದ ಮಟ್ಟಕ್ಕೇ ಅಡ್ಡಕ್ಕೆ ನಡೆದು ಅಳೆಯಿರಿ.

ಅಳತೆಯನ್ನು ಏಪ್ರಿಲ್ ಮಧ್ಯಾಹ್ನ ಮಾಡಿ. ಬಿಸಿಲಿಗೆ ತಂತಿ ಹಿಗ್ಗಿ ಕೆಳಗೆ ಜೋಲುತ್ತದೆ. ಮಳೆಗಾಲದ ಬೆಳಿಗ್ಗೆ ಅಳೆದರೆ ತಂತಿ ಮೇಲಿದ್ದ ಹಾಗೆ ಕಾಣುತ್ತದೆ, ನೀವು ಮೋಸ ಹೋಗುತ್ತೀರಿ. 4.6 ಮೀಟರ್‌ಗಿಂತ ಕೆಳಗೆ ಜೋತಿದ್ದರೆ ಗಿಡದ ಮಾತು ಆಮೇಲೆ. ಮೊದಲು ಸೆಕ್ಷನ್ ಆಫೀಸಿಗೆ ಬರೆದು ಕೊಟ್ಟು ತಂತಿ ಬಿಗಿ ಮಾಡಿಸಿ, ಇಲ್ಲವೇ ನಡುವೆ ಕಂಬ ಹಾಕಿಸಿ. ಆಲೂರು, ಸಕಲೇಶಪುರ, ಮೂಡಿಗೆರೆ ಕಡೆ ಆನೆ ಓಡಾಡುವ ಜಾಗದಲ್ಲಿ ಇದು ಇನ್ನೂ ತುರ್ತಿನ ಕೆಲಸ.

5. ಬಾಜುದಾರರ ಜೊತೆ ಮಾತಾಡಿ, ಬರೆದಿಡಿ

ಹದ್ದಿನಿಂದ ಇಷ್ಟೇ ಅಡಿ ಬಿಟ್ಟು ಮರ ನೆಡಿ ಎಂದು ಎಲ್ಲ ಹೊಲ, ತೋಟಕ್ಕೂ ಒಂದೇ ಅಳತೆ ಹಾಕಿದ ಕಾನೂನು ನಮ್ಮಲ್ಲಿಲ್ಲ. ಅದಕ್ಕೇ ಜಗಳ ಜಾಸ್ತಿ. ಹಾಗಂತ ಹದ್ದಿನ ಮೇಲೇ ನೆಟ್ಟರೆ ಕೇಳುವವರಿಲ್ಲ ಎಂದುಕೊಳ್ಳಬೇಡಿ. ಹದ್ದಿನ ಮೇಲೆ ನಿಂತ ಮರ ಇಬ್ಬರಿಗೂ ಸೇರಿದ್ದು. ಅದನ್ನು ಮಾರುವಾಗ ಇಬ್ಬರೂ ಒಪ್ಪಬೇಕು.

ಪಕ್ಕದವರ ಜಾಗಕ್ಕೆ ಚಾಚಿದ ಕೊಂಬೆಯನ್ನು ಅವರು ತಮ್ಮ ಹದ್ದಿನವರೆಗೆ ಕಡಿದುಕೊಳ್ಳಬಹುದು ಎಂಬುದನ್ನು ಕೋರ್ಟುಗಳು ಒಪ್ಪಿಕೊಂಡು ಬಂದಿವೆ. ಆದರೆ ಅದಕ್ಕಾಗಿ ನಿಮ್ಮ ಜಮೀನಿಗೆ ಕಾಲಿಡುವಂತಿಲ್ಲ. ಮರವೂ ಹಣ್ಣೂ ನಿಮ್ಮದೇ.

ನಾನು ಹೇಳುವ ದೂರ ಇದು, ನಿಯಮ ಅಂತ ಅಲ್ಲ, ರೂಢಿಯ ಮೇಲೆ: ಸವರಿ ಇಡುವ ಬೇಲಿ ಗಿಡಕ್ಕೆ 3 ಅಡಿ, ಸಿಲ್ವರ್ ಓಕ್‌ಗೆ 6ರಿಂದ 8 ಅಡಿ, ನೀಲಗಿರಿ, ತೇಗ, ಹಲಸು, ಮಾವಿಗೆ 15 ಅಡಿ. ಪಕ್ಕದಲ್ಲಿ ರಾಗಿ ಹೊಲ ಅಥವಾ ಗದ್ದೆ ಇದ್ದರೆ ಇನ್ನೂ ಬಿಡಿ. ಕಡೂರು, ಅರಸೀಕೆರೆ ಕಡೆ ಹೊಲದ ಬದುವಿಗೆ ನೀಲಗಿರಿ ಹಾಕುವುದು ಪಕ್ಕದವರ ಬೆಳೆಗೆ ಕೈ ಹಾಕಿದ ಹಾಗೆಯೇ. ಅಲ್ಲಿ ಅದು ಬೇಡವೇ ಬೇಡ.

ಇಷ್ಟು ಬಿಟ್ಟರೆ ಜಮೀನು ಹಾಳು ಎನ್ನುವವರಿಗೆ ಒಂದು ಲೆಕ್ಕ. ಚೌಕನೆಯ ಒಂದು ಎಕರೆಯ ಒಂದು ಬದಿ ಸುಮಾರು 208 ಅಡಿ. ಅದರ ಉದ್ದಕ್ಕೂ 5 ಅಡಿ ಬಿಟ್ಟರೆ ಹೋಗುವುದು ಹೆಚ್ಚುಕಡಿಮೆ ಒಂದು ಗುಂಟೆ. ಅದೂ ಹೋಗುವುದಿಲ್ಲ. ಕೊಯ್ಲಿನ ಸಮಯದಲ್ಲಿ ಓಡಾಡಲು, ಬೇಲಿ ರಿಪೇರಿಗೆ, ದರಗು ಹಾಕಲು ಆ ಜಾಗವೇ ಬೇಕಾಗುತ್ತದೆ.

ಸಸಿ ತರುವ ಮೊದಲು ಹೋಗಿ ಮಾತಾಡಿ. "ಅಣ್ಣ, ಈ ಸಲ ಬೇಲಿ ಸಾಲಿಗೆ ಓಕ್ ಹಾಕೋಣ ಅಂತಿದೀನಿ, ಎಂಟಡಿ ಬಿಡ್ತೀನಿ, ನಿಮ್ಮ ಗದ್ದೆ ಕಡೆ ಕೊಂಬೆ ವರ್ಷಾ ವರ್ಷಾ ಸವರಿಸ್ತೀನಿ" ಎಂದರೆ ಬೇಡ ಎನ್ನುವವರು ಕಡಿಮೆ. ಒಪ್ಪಿದ್ದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ, ಸಾಕ್ಷಿ ಹಾಕಿಸಿ. ಅದರಲ್ಲಿ ನಾಲ್ಕೇ ವಿಷಯ ಇರಲಿ. ಸಾಲು ಯಾರದು, ಹದ್ದಿನಿಂದ ಎಷ್ಟು ದೂರ, ಯಾವ ತಿಂಗಳು ಸವರುವುದು, ಆ ಖರ್ಚು ಯಾರದು. ಮಕ್ಕಳ ಕಾಲಕ್ಕೆ ಈ ಹಾಳೆ ಬೇಕಾಗುತ್ತದೆ.

6. ಗಿಡ ಆರಿಸಿ, ಗುಂಡಿ ತೆಗೆಯಿರಿ

ಈಗ ಗುಂಡಿ. ಹದ್ದಿನ ಗೆರೆಗೆ ಒಂದು ನೂಲು, ಬಿಟ್ಟ ದೂರಕ್ಕೆ ಇನ್ನೊಂದು ನೂಲು, ಲೈನ್ ಪಟ್ಟಿಗೆ ಸುಣ್ಣದ ಗೆರೆ. ಮೂರೂ ಹಾಕಿ ಫೋಟೊ ತೆಗೆದ ಮೇಲೆಯೇ ಗುದ್ದಲಿ ಇಡಿ.

ಬೇಲಿಗೆ ಗ್ಲಿರಿಸಿಡಿಯಾ ಸುಲಭ. ಗೂಟ ನೆಟ್ಟರೆ ಚಿಗುರುತ್ತದೆ, ಸೊಪ್ಪು ಗೊಬ್ಬರಕ್ಕಾಗುತ್ತದೆ. ಆದರೆ ವರ್ಷಕ್ಕೆ ಎರಡು ಸಲ ತಲೆ ಸವರುವ ಆಳಿದ್ದರೆ ಮಾತ್ರ, ಅದೂ ಲೈನ್ ಪಟ್ಟಿಯಿಂದ ಆಚೆ. ದಾಸವಾಳ, ಲಕ್ಕಿ, ಆಡುಸೋಗೆ ಸವರುತ್ತಿದ್ದರೆ ಗಿಡ್ಡವಾಗಿಯೇ ಇರುತ್ತವೆ. ಆಡುಸೋಗೆಯನ್ನು ದನ ಮುಟ್ಟುವುದಿಲ್ಲ. ಕಣಗಿಲೆ ಚೆನ್ನಾಗಿ ಕಾಣುತ್ತದೆ, ಆದರೆ ಅದು ವಿಷ. ದನ, ಆಡು ಓಡಾಡುವ ಕಡೆ ಹಾಕಬೇಡಿ. ಬಿದಿರು ಎಷ್ಟೇ ಗಟ್ಟಿ ಬೇಲಿಯಾದರೂ ಲೈನ್ ಹತ್ತಿರ ಪೂರ್ತಿ ನಿಷಿದ್ಧ ಎಂದುಕೊಳ್ಳಿ. ಮಳೆಯಲ್ಲಿ ಬಾಗಿ ನೇರ ತಂತಿ ಮೇಲೆ ಒರಗುತ್ತದೆ.

ಬೇರಿನ ತಂಟೆ ತಪ್ಪಿಸಲು ಸಾಲಿಗೂ ಹದ್ದಿಗೂ ನಡುವೆ ನಿಮ್ಮ ಕಡೆಗೇ ಎರಡು ಅಡಿ ಆಳದ ಅಗಳು ತೆಗೆಸಿ. ಮಲೆನಾಡಿನ ಇಳಿಜಾರಿನಲ್ಲಿ ಅಗಳಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ನೋಡಿ. ಪಕ್ಕದವರ ತೋಟಕ್ಕೆ ನೀರು ನುಗ್ಗಿಸಿದರೆ ಹೊಸ ಜಗಳ.

ಕಂಬದ ಬುಡ, ಸ್ಟೇ ವೈರ್ (ಕಂಬವನ್ನು ನೆಲಕ್ಕೆ ಎಳೆದು ಕಟ್ಟಿದ ತಂತಿ) ಹತ್ತಿರ, ಟಿಸಿಯ ಸುತ್ತ ಏನೂ ನೆಡಬೇಡಿ. ಲೈನ್‌ಮನ್ ಹತ್ತಲು, ಏಣಿ ಇಡಲು ಜಾಗ ಬೇಕು. ಕಂಬಕ್ಕೆ ಮೆಣಸಿನ ಬಳ್ಳಿ, ಹಾಗಲ ಬಳ್ಳಿ ಹಬ್ಬಿರುವುದು ಎಷ್ಟೋ ಕಡೆ ಕಾಣುತ್ತದೆ. ಇವತ್ತೇ ಲೈನ್‌ಮನ್‌ಗೆ ಹೇಳಿ ತೆಗೆಸಿ. ನೀವು ಎಳೆಯಬೇಡಿ.

ಟೌನಿನ ಸೈಟುಗಳಲ್ಲಿ ಮಾತು ಚಿಕ್ಕದು. ಕಾಂಪೌಂಡಿನ ಒಳಗೆ ದಾಸವಾಳ, ನಂದಿಬಟ್ಟಲು, ಮಲ್ಲಿಗೆ, ಕರಿಬೇವು ಸಾಕು. ಅತ್ತಿ, ಅರಳಿ ಗೋಡೆ ಸೀಳುತ್ತವೆ, ಯುಜಿಡಿ ಪೈಪಿಗೆ ಬೇರು ಬಿಡುತ್ತವೆ. ರಸ್ತೆ ಬದಿಯ ಮರ ನಿಮ್ಮ ಮನೆ ಮುಂದಿದ್ದರೂ ನಿಮ್ಮದಲ್ಲ. ಕೊಂಬೆ ಕಡಿಯಲೂ ನಗರಸಭೆ, ಅರಣ್ಯ ಇಲಾಖೆಯವರನ್ನು ಕೇಳಬೇಕು.

7. ಮುಳ್ಳುತಂತಿ ಮತ್ತು ಸೋಲಾರ್ ಬೇಲಿ

ಮುಳ್ಳುತಂತಿಯನ್ನು ಕರೆಂಟ್ ಕಂಬಕ್ಕೆ, ಸ್ಟೇ ವೈರ್‌ಗೆ ಯಾವ ಕಾರಣಕ್ಕೂ ಕಟ್ಟಬೇಡಿ. ಪಿಂಗಾಣಿ ಒಡೆದ ದಿನ ನಿಮ್ಮ ಬೇಲಿ ಪೂರ್ತಿ ಕರೆಂಟ್ ಹಿಡಿಯುತ್ತದೆ. ಅರ್ಧ ಕಿಲೋಮೀಟರ್ ಆಚೆ ಬೇಲಿ ಮುಟ್ಟಿದ ದನ ಸಾಯುತ್ತದೆ.

ಬೇಲಿ ಲೈನ್ ಕೆಳಗೆ ಹಾದುಹೋಗಲೇಬೇಕಾದರೆ ಅಲ್ಲಿ ತಂತಿಯನ್ನು ತುಂಡು ಮಾಡಿ. ಲೈನಿನ ಎರಡೂ ಕಡೆ ಕೆಲವು ಅಡಿ ಬರೀ ಮರದ ಗೂಟ, ಗಳ ಅಥವಾ ಗಿಡ್ಡ ಗಿಡದ ಬೇಲಿ ಇರಲಿ. ಮೇಲಿನ ತಂತಿ ಹರಿದು ಬಿದ್ದರೂ ಕರೆಂಟ್ ಬೇಲಿಯುದ್ದಕ್ಕೂ ಓಡುವುದಿಲ್ಲ.

ಆನೆಗೆ ಸೋಲಾರ್ ಬೇಲಿ ಹಾಕುವವರು ಬ್ಯಾಟರಿಯಿಂದ ನಡೆಯುವ ಒಳ್ಳೆಯ ಎನರ್ಜೈಸರ್ (ಬೇಲಿಗೆ ಸಣ್ಣ ಸಣ್ಣ ಶಾಕ್ ಬಿಡುವ ಪೆಟ್ಟಿಗೆ) ಬಳಸಿ. ಮನೆ ಕರೆಂಟನ್ನು ನೇರವಾಗಿ ಬೇಲಿಗೆ ಬಿಡುವುದು ಅಪರಾಧ. ಪ್ರಾಣಿ ಸತ್ತರೂ, ಮನುಷ್ಯ ಸತ್ತರೂ ಜೈಲು. ಸೋಲಾರ್ ತಂತಿಗೆ ಎಲೆ, ಹುಲ್ಲು ತಾಗಿದರೆ ಶಕ್ತಿ ಅಲ್ಲೇ ಸೋರಿ ಹೋಗುತ್ತದೆ. ಮಳೆಗಾಲದಲ್ಲಿ ಅದರ ಅಡಿಯ ಪಟ್ಟಿಯನ್ನು ಆಗಾಗ ಕಳೆ ತೆಗೆಸಿ.

8. ಈಗಾಗಲೇ ತಂತಿಗೆ ಬೆಳೆದ ಮರ ಇದ್ದರೆ

ನೀವೇ ಹತ್ತಬೇಡಿ, ಆಳನ್ನೂ ಹತ್ತಿಸಬೇಡಿ. ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಮಾಡುವಾಗ, ಮೆಣಸು ಕೊಯ್ಯುವಾಗ ಆಗುವ ಸಾವುಗಳ ದಾರಿ ಒಂದೇ ರೀತಿಯದು. ಅಲ್ಯೂಮಿನಿಯಂ ಏಣಿ. ಏಣಿ ಹಗುರ, ಒಂದು ಮರದಿಂದ ಇನ್ನೊಂದಕ್ಕೆ ನೆಟ್ಟಗೇ ಎತ್ತಿಕೊಂಡು ಹೋಗುತ್ತಾರೆ. ಕಣ್ಣು ನೆಲದ ಮೇಲೆ, ಮುಂದಿನ ಮರದ ಮೇಲೆ. ಏಣಿಯ ತುದಿ ಇಪ್ಪತ್ತು ಅಡಿ ಮೇಲೆ ಎಲೆಗಳ ನಡುವೆ. 11 ಕೆವಿ ತಂತಿ ಅಲ್ಲೇ ಇರುತ್ತದೆ, ಕಾಣುವುದಿಲ್ಲ. ಹಿಡಿದವರು ಇಬ್ಬರಾದರೆ ಇಬ್ಬರೂ ಹೋಗುತ್ತಾರೆ. ಲೈನ್ ಇರುವ ಕಡೆ ಬಿದಿರಿನ ಒಣ ಏಣಿಯನ್ನೇ ಕೊಡಿ, ಎಷ್ಟೇ ಭಾರವಾದರೂ. ಏಣಿಯನ್ನು ಮಲಗಿಸಿಕೊಂಡು ಸಾಗಿಸಿ. ಹಸಿ ಬಿದಿರು, ಮಳೆಯಲ್ಲಿ ನೆಂದ ಗಳ ಕರೆಂಟ್ ಒಯ್ಯುತ್ತವೆ. ಹಲಸು, ತೆಂಗು ಕೀಳುವ ಅಲ್ಯೂಮಿನಿಯಂ ದೋಟಿಗೂ ಇದೇ ಮಾತು. ಹೊರರಾಜ್ಯದಿಂದ ಬಂದ ಕೆಲಸದವರಿಗೆ ನಿಮ್ಮ ತೋಟದ ಲೈನ್ ಎಲ್ಲಿದೆ ಎಂದು ಗೊತ್ತಿರುವುದಿಲ್ಲ. ಮೊದಲ ದಿನವೇ ಕರೆದುಕೊಂಡು ಹೋಗಿ ತೋರಿಸಿ. ಲೈನ್ ಪಕ್ಕದ ಮರಗಳ ಬುಡಕ್ಕೆ ಕೆಂಪು ಬಣ್ಣ ಬಳಿಯಿರಿ. ಕೆಂಪು ಬಳಿದ ಮರಕ್ಕೆ ಯಾರೂ ಏಣಿ ಇಡಕೂಡದು.

ಸರಿಯಾದ ಕ್ರಮ ಇದು. ಮರಗಳ ಫೋಟೊ, ಕಂಬ ಅಥವಾ ಟಿಸಿ ನಂಬರ್ ಸಮೇತ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಕಾಫಿ ಕೊಯ್ಲು ಮುಗಿದ ಮೇಲೆ, ಮುಂಗಾರಿಗೆ ಮೊದಲು ಕೊಟ್ಟರೆ ಒಳ್ಳೆಯದು. ಮಳೆಗಾಲದ ಮುಂಚಿನ ಕೊಂಬೆ ಸವರುವ ಕೆಲಸ ಅವರೇ ಆ ಸಮಯದಲ್ಲಿ ಮಾಡುತ್ತಿರುತ್ತಾರೆ. ಲೈನ್‌ಮನ್ ಎಲ್‌ಸಿ (ಲೈನ್ ಬಂದ್ ಮಾಡುವ ಅನುಮತಿ) ತಗೊಂಡು, ಜಿಒಎಸ್ (ಕಂಬದ ಮೇಲಿನ ಲೈನ್ ಸ್ವಿಚ್) ಇಳಿಸಿ, ತಂತಿಗೆ ಅರ್ತ್ ರಾಡ್ ಹಾಕಿ "ಇನ್ನು ಕೆಲಸ ಮಾಡಿ" ಎಂದು ಬಾಯಿಬಿಟ್ಟು ಹೇಳುವವರೆಗೆ ಗರಗಸ ಮುಟ್ಟಬೇಡಿ.

"ಕರೆಂಟ್ ಹೋಗಿದೆ, ಈಗಲೇ ಕಡಿದುಬಿಡೋಣ" ಎಂಬ ಮಾತಿನಷ್ಟು ಅಪಾಯದ್ದು ಇನ್ನೊಂದಿಲ್ಲ. ಹೋದ ಕರೆಂಟ್ ಯಾವ ಗಳಿಗೆಯಲ್ಲೂ ಬರುತ್ತದೆ. ಪಕ್ಕದ ಎಸ್ಟೇಟಿನ ಜನರೇಟರ್ ಸರಿಯಾಗಿ ಬೇರ್ಪಡಿಸಿಲ್ಲದಿದ್ದರೆ ಅದರ ಕರೆಂಟ್ ಟಿಸಿಯಿಂದ ಹಿಂದಕ್ಕೆ ಹರಿದು 11 ಕೆವಿ ತಂತಿಯನ್ನೇ ಹಿಡಿಯುತ್ತದೆ.

ಬುಡದಿಂದ ಕಡಿಯುವುದಾದರೆ 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆ ನೆನಪಿರಲಿ. ಸಿಲ್ವರ್ ಓಕ್, ನೀಲಗಿರಿ, ಗಾಳಿಮರ, ಗ್ಲಿರಿಸಿಡಿಯಾ, ಸುಬಾಬುಲ್, ತೆಂಗು ಇವಕ್ಕೆ ಕಡಿಯುವ ಅನುಮತಿಯಿಂದ ವಿನಾಯಿತಿ ಇದೆ. ಬೀಟೆ, ತೇಗ, ಹೊನ್ನೆ, ಹಲಸು, ಮತ್ತಿಗೆ ಇಲ್ಲ. ಲೈನ್ ಪಕ್ಕದಲ್ಲಿದೆ ಎಂಬ ಕಾರಣಕ್ಕೆ ಬೀಟೆ ಉರುಳಿಸಿದರೆ ಕೇಸು ಬೀಳುತ್ತದೆ. ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಡಿ. ಮಂಜೂರಾದ ಜಮೀನಾದರೆ ಮಂಜೂರಾತಿ ಪತ್ರದಲ್ಲಿ ಮರದ ಹಕ್ಕು ಯಾರದು ಎಂದು ಬರೆದಿರುತ್ತದೆ, ಅದನ್ನೂ ಓದಿ.

9. ಈ ಗುರುತು ಕಂಡರೆ ಅದೇ ದಿನ 1912ಕ್ಕೆ ಫೋನ್ ಮಾಡಿ

ತಂತಿ ಹತ್ತಿರದ ಎಲೆಗಳ ತುದಿ ಮಾತ್ರ ಸುಟ್ಟು ಕಂದಾಗಿರುವುದು. ಜಡಿಮಳೆಯ ರಾತ್ರಿ ಕೊಂಬೆ ನಡುವೆ ಕಿಡಿ. ಕಂಬದ ಹತ್ತಿರ ಗುಂಯ್‌ಗುಡುವ ಶಬ್ದ. ಗಾಳಿ ಬೀಸಿದಾಗಲೆಲ್ಲ ಮನೆಯ ಬಲ್ಬು ಮಿಣುಕುವುದು. ದನ ಕಂಬದ ಹತ್ತಿರ ಹೋಗಲು ಹಿಂಜರಿಯುವುದು. ಸ್ಟೇ ವೈರ್ ಮುಟ್ಟಿದರೆ ಜುಮ್ಮೆನ್ನುವುದು. ಕಂಬದ ಕಡೆಗೆ ವಾಲಿದ ಮರದ ಬುಡದಲ್ಲಿ, ವಾಲಿದ್ದಕ್ಕೆ ಎದುರು ಬದಿಯಲ್ಲಿ ಮಣ್ಣು ಬಿರಿದಿರುವುದು. ಈ ಕೊನೆಯದನ್ನು ಮೊದಲ ದೊಡ್ಡ ಮಳೆ ಆದ ಮೇಲೆ ಒಂದು ಸುತ್ತು ನಡೆದು ನೋಡಿ, ಮರ ಉರುಳುವ ಮೊದಲು ಸಿಗುವ ಮುಖ್ಯ ಸೂಚನೆ ಅದು.

ತಂತಿ ಹರಿದು ಬಿದ್ದಿದ್ದರೆ ಹತ್ತು ಮೀಟರ್ ಒಳಗೆ ಯಾರೂ ಹೋಗಬಾರದು. ಒದ್ದೆ ನೆಲದಲ್ಲಿ ಇನ್ನೂ ದೂರ ಇರಿ. ಹತ್ತಿರದಲ್ಲೇ ಇದ್ದೀರಾದರೆ ಓಡಬೇಡಿ. ಎರಡೂ ಪಾದ ಜೋಡಿಸಿಕೊಂಡು, ನೆಲದಿಂದ ಎತ್ತದೆ, ಪುಟ್ಟ ಪುಟ್ಟದಾಗಿ ಜಾರಿಸುತ್ತ ಹೊರಗೆ ಬನ್ನಿ. ಹೆಜ್ಜೆ ಅಗಲ ಮಾಡಿದರೆ ಒಂದು ಕಾಲಿನಿಂದ ಇನ್ನೊಂದಕ್ಕೆ ಕರೆಂಟ್ ಹರಿಯುತ್ತದೆ. ದನ ಬಿದ್ದಿದ್ದರೂ ಬಿಡಿಸಲು ಹೋಗಬೇಡಿ.

ಪಕ್ಕದವರ ಮರ ನಿಮ್ಮ ಮನೆ ಮೇಲೆ ಅಥವಾ ದಾರಿ ಮೇಲೆ ಬೀಳುವ ಹಾಗಿದ್ದು ಅವರು ಕೇಳದಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಡಿ. ಅಪಾಯದ ಮರ ತೆಗೆಸಲು ಕಾರ್ಯನಿರ್ವಾಹಕ ದಂಡಾಧಿಕಾರಿ ಆದೇಶ ಮಾಡಬಹುದು. ಇದು ಹಿಂದಿನ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 133ನೇ ಸೆಕ್ಷನ್, ಈಗ ಅದರ ಬದಲು ಬಂದ ಬಿಎನ್‌ಎಸ್‌ಎಸ್‌ನ 152.

10. ಲೈನಿಗಾಗಿ ನಿಮ್ಮ ಮರ ಕಡಿಯಲು ಬಂದರೆ

2003ರ ವಿದ್ಯುತ್ ಕಾಯ್ದೆಯ 68ನೇ ಸೆಕ್ಷನ್ ಇದಕ್ಕೆ ಸಂಬಂಧಿಸಿದ್ದು. ಲೈನಿಗೆ ಅಡ್ಡವಾದ ಮರವನ್ನು ದಂಡಾಧಿಕಾರಿ ಅಥವಾ ಸರ್ಕಾರ ಗೊತ್ತು ಮಾಡಿದ ಅಧಿಕಾರಿ ತೆಗೆಸಬಹುದು. ಆದರೆ ಲೈನ್ ಎಳೆಯುವ ಮೊದಲೇ ಆ ಮರ ಅಲ್ಲಿತ್ತು ಎಂದಾದರೆ ಮಾಲೀಕರಿಗೆ ಪರಿಹಾರ ಕೊಡಬೇಕು. ಲೈನ್ ಬಂದ ಮೇಲೆ ನೆಟ್ಟದ್ದಾದರೆ ಆ ಪರಿಹಾರ ಇಲ್ಲ.

ಅಂದರೆ ಮರ ಮೊದಲೋ ಲೈನ್ ಮೊದಲೋ ಎಂಬುದಕ್ಕೆ ನಿಮ್ಮ ಹತ್ತಿರ ದಾಖಲೆ ಬೇಕು. ಪಹಣಿಯಲ್ಲಿ ಮರಗಳ ಕಾಲಂ ಇದೆ, ಹೆಚ್ಚಿನವರ ಪಹಣಿಯಲ್ಲಿ ಅದು ಖಾಲಿ. ಗ್ರಾಮ ಆಡಳಿತಾಧಿಕಾರಿಗೆ ಹೇಳಿ ಬರೆಸಿ. ಸಸಿ ತಂದ ನರ್ಸರಿ ಬಿಲ್ಲು, ಆರನೇ ಹಂತದಲ್ಲಿ ತೆಗೆದ ನೂಲು ಮತ್ತು ಸುಣ್ಣದ ಗೆರೆಯ ಫೋಟೊ, ಬಾಜುದಾರರ ಸಹಿಯ ಹಾಳೆ ಇವನ್ನು ಒಂದೇ ಫೈಲಿನಲ್ಲಿಡಿ. ಹೊಸ ಲೈನ್ ಬರುತ್ತಿದೆ ಎಂಬ ಸುದ್ದಿ ಬಂದ ಕೂಡಲೇ ಆ ಸಾಲಿನ ಮರಗಳಿಗೆ ನಂಬರ್ ಬರೆದು, ಎದೆ ಎತ್ತರದಲ್ಲಿ ಸುತ್ತಳತೆ ಅಳೆದು, ಮೆಣಸಿನ ಬಳ್ಳಿ ಹಬ್ಬಿದ್ದರೆ ಅದನ್ನೂ ಸೇರಿಸಿ ಪಟ್ಟಿ ಮಾಡಿ. ಕಡಿಯುವ ದಿನ ಅಧಿಕಾರಿಗಳು ಸ್ಥಳದಲ್ಲೇ ಬರೆಯುವ ಮಹಜರಿನಲ್ಲಿ ಮರದ ಜಾತಿ, ಸಂಖ್ಯೆ, ಸುತ್ತಳತೆ ಮೂರೂ ನಿಮ್ಮ ಪಟ್ಟಿಗೆ ಹೊಂದುತ್ತವೆಯೇ ನೋಡಿ. ಹೊಂದದಿದ್ದರೆ ತಕರಾರನ್ನು ಮಹಜರಿನಲ್ಲೇ ಬರೆಸಿ, ಆಮೇಲೆ ಸಹಿ ಹಾಕಿ.